ಜಿಯಾರತಿನ ದಿನ ಬರುವ ಛಾಪಾ ಕಾಗದ

ಮರಣದ ಮೂರನೆಯ ದಿನ ನಮ್ಮ ಮನೆಗಳಲ್ಲಿ ಜಿಯಾರತ್ ನಡೆಯುತ್ತದೆ. ಅದು ಶರೀಅತ್ತಿನಲ್ಲಿ ಇದೆಯೋ ಇಲ್ಲವೋ ಎಂಬ ಚರ್ಚೆ ಇಂದು ಬೇಡ. ಆ ದಿನ ಮನೆಗೆ ಬರುವವರಲ್ಲಿ ಒಬ್ಬರ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಮೃತನು ಲಾರಿಗೆ ಸಿಕ್ಕಿ ಸತ್ತವನಾಗಿದ್ದರೆ, ಚಾಪೆಯ ಒಂದು ತುದಿಯಲ್ಲಿ ಲಾರಿ ಮಾಲೀಕನ ಕಡೆಯ ಮನುಷ್ಯನೊಬ್ಬ ಕುಳಿತಿರುತ್ತಾನೆ. ಅವನ ಪಕ್ಕದಲ್ಲಿ ಊರಿನ ಹಿರಿಯರೊಬ್ಬರು ಇರುತ್ತಾರೆ. ಫಾತಿಹಾ ಮುಗಿಯುತ್ತದೆ, ಊಟ ಮುಗಿಯುತ್ತದೆ, ಹೆಂಗಸರ ಅಳು ಒಳಕೋಣೆಯಲ್ಲಿ ಇನ್ನೂ ನಿಂತಿರುವುದಿಲ್ಲ. ಅಷ್ಟರಲ್ಲಿ ಹಿರಿಯರು ಗಂಟಲು ಸರಿಪಡಿಸಿಕೊಂಡು, 'ಆದದ್ದು ಆಯಿತು, ಅಲ್ಲಾಹನ ಇಚ್ಛೆ. ಕೋರ್ಟು ಕಚೇರಿ ಅಂತ ಅಲೆದರೆ ಹೋದ ಜೀವ ಬರುತ್ತದೆಯೇ? ಸಬ್ರ್ ಮಾಡಿ' ಎನ್ನುತ್ತಾರೆ. ಆಗ ಮಡಿಸಿದ ಛಾಪಾ ಕಾಗದ ಜೇಬಿನಿಂದ ಹೊರಬರುತ್ತದೆ.

ಕಳೆದ ವರ್ಷ ಚಳ್ಳಕೆರೆಯ ಅಂಥ ಒಂದು ಮನೆಗೆ ನಾನು ಹೋಗಿದ್ದೆ. ಮೂವತ್ತೆರಡು ವರ್ಷದ ಯುವಕ. ಮೊಪೆಡ್‌ನ ಹಿಂದೆ ಬುಟ್ಟಿ ಕಟ್ಟಿಕೊಂಡು ಸುತ್ತಲಿನ ಸಂತೆಗಳಲ್ಲಿ ತರಕಾರಿ ಮಾರುತ್ತಿದ್ದವನು. ಹೆದ್ದಾರಿಯಲ್ಲಿ ಲಾರಿ ಹಿಂದಿನಿಂದ ಬಂದು ಹೊಡೆದಿತ್ತು. ತಾಯಿ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ನಾನು ಹೋಗುವಷ್ಟರಲ್ಲಿ ಸಾವು ಹಳೆಯದಾಗಿತ್ತು. ಎಂಬತ್ತು ಸಾವಿರ ರೂಪಾಯಿಗೆ ರಾಜಿ ಮುಗಿದು ತಿಂಗಳುಗಳೇ ಕಳೆದಿದ್ದವು. ಸಹಿ ಹಾಕಿದವನು ಮೃತನ ತಮ್ಮ. ಪರದೆಯ ಆಚೆಯಿಂದ ಆ ಹೆಣ್ಣುಮಗಳು ನನ್ನನ್ನು ಕೇಳಿದ ಪ್ರಶ್ನೆ ಒಂದೇ: 'ಮೌಲಾನಾ, ಈಗ ಹೋದರೆ ಕೇಳುತ್ತಾರಾ?'

ಎಂಬತ್ತು ಸಾವಿರ ಎಂದರೆ ಎಷ್ಟು ಎಂಬುದನ್ನು ಮೊದಲು ನೋಡೋಣ. ನಮ್ಮ ಹಿರಿಯರು ಅದನ್ನು ಲಾರಿ ಮಾಲೀಕನ ದೊಡ್ಡ ಮನಸ್ಸು ಎಂದು ಬಣ್ಣಿಸುತ್ತಾರೆ. ಕಾನೂನಿನ ಲೆಕ್ಕ ಬೇರೆಯೇ ಇದೆ. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲಿ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಇದಕ್ಕೊಂದು ಸೂತ್ರವನ್ನು ಹಾಕಿಕೊಟ್ಟಿದೆ. ಆ ಯುವಕನ ತಿಂಗಳ ಸಂಪಾದನೆ 15,000 ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,80,000. ನಲವತ್ತರೊಳಗಿನ ಸ್ವಂತ ದುಡಿಮೆಯವನ ಆದಾಯ ಮುಂದೆ ಬೆಳೆಯುತ್ತಿತ್ತು ಎಂಬ ನ್ಯಾಯಕ್ಕೆ ಶೇಕಡಾ 40 ಸೇರಿಸಬೇಕು, 2,52,000 ಆಯಿತು. ಅವಲಂಬಿತರು ನಾಲ್ವರು. ಆದ್ದರಿಂದ ಅವನ ಸ್ವಂತ ಖರ್ಚೆಂದು ನಾಲ್ಕನೆಯ ಒಂದು ಭಾಗವನ್ನು ಕಳೆದರೆ 1,89,000 ಉಳಿಯಿತು. ಮೂವತ್ತೊಂದರಿಂದ ಮೂವತ್ತೈದು ವಯಸ್ಸಿನವನಿಗೆ ಗುಣಕ 16. ಗುಣಿಸಿದರೆ 30,24,000 ರೂಪಾಯಿ. ಇದಲ್ಲದೆ ಪತಿಯ, ತಂದೆಯ, ಮಗನ ಸಾಹಚರ್ಯ ಕಳೆದುಕೊಂಡದ್ದಕ್ಕೆ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಈ ನಾಲ್ವರಿಗೂ ತಲಾ ಒಂದು ಮೊತ್ತ ಉಂಟು. 2017ರಲ್ಲಿ 40,000 ಎಂದು ಗೊತ್ತುಪಡಿಸಿದ ಅದು ಮೂರು ವರ್ಷಕ್ಕೊಮ್ಮೆ ಶೇಕಡಾ 10ರಂತೆ ಎರಡು ಬಾರಿ ಏರಿ 48,400 ಆಗಿದೆ. ಅಂತ್ಯಕ್ರಿಯೆಗೂ ಆಸ್ತಿನಷ್ಟಕ್ಕೂ 18,150ರಂತೆ. ಒಟ್ಟು 32,53,900 ರೂಪಾಯಿ. ಅರ್ಜಿ ಸಲ್ಲಿಸಿದ ದಿನದಿಂದ ಬಡ್ಡಿ ಬೇರೆ.

ಮೂವತ್ತೆರಡೂವರೆ ಲಕ್ಷದ ಹಕ್ಕನ್ನು ಎಂಬತ್ತು ಸಾವಿರಕ್ಕೆ ಕೊಂಡುಕೊಂಡವನು ದೊಡ್ಡ ಮನಸ್ಸಿನವನೋ, ಜಾಣ ವ್ಯಾಪಾರಿಯೋ ಎಂಬುದನ್ನು ಓದುಗರೇ ತೀರ್ಮಾನಿಸಲಿ. ಇನ್ನೊಂದು ಮಾತನ್ನೂ ಗಮನಿಸಬೇಕು. ಲಾರಿಗೆ ವಿಮೆ ಇದ್ದರೆ, ಷರತ್ತುಗಳ ಉಲ್ಲಂಘನೆ ಆಗಿಲ್ಲದಿದ್ದರೆ, ಈ ಹಣ ಮಾಲೀಕನ ಜೇಬಿನಿಂದ ಹೋಗುವುದೇ ಇಲ್ಲ. ಮೋಟಾರು ವಾಹನ ಕಾಯ್ದೆಯ 146ನೆಯ ಕಲಮು ಪ್ರತಿಯೊಂದು ವಾಹನಕ್ಕೂ ಮೂರನೆಯ ವ್ಯಕ್ತಿಯ ವಿಮೆಯನ್ನು ಕಡ್ಡಾಯ ಮಾಡಿರುವುದೇ ಈ ಹೊರೆಯನ್ನು ಹೊರುವುದಕ್ಕಾಗಿ. ಹಾಗಿದ್ದೂ ಮಾಲೀಕನು ಮೂರೇ ದಿನಕ್ಕೆ ಹಣ ಹಿಡಿದುಕೊಂಡು ಓಡಿಬರುತ್ತಾನೆಂದರೆ ವಿಮೆ ಮುಗಿದಿರಬಹುದು, ಚಾಲಕನಿಗೆ ಪರವಾನಗಿ ಇಲ್ಲದಿರಬಹುದು. ಅವನ ಅವಸರವೇ ನಮ್ಮನ್ನು ಎಚ್ಚರಿಸಬೇಕಿತ್ತು.

ಹಾಗೆಂದು ಪರವಾನಗಿ ಇಲ್ಲದಿದ್ದರೆ ಸಂತ್ರಸ್ತರ ಗತಿ ಮುಗಿಯಿತೆಂದೂ ಅಲ್ಲ. ಚಾಲಕನ ಪರವಾನಗಿ ದೋಷವನ್ನು ವಿಮಾ ಕಂಪನಿ ಸಾಬೀತುಪಡಿಸಿದರೂ, ಮೊದಲು ಸಂತ್ರಸ್ತನಿಗೆ ಹಣ ಕೊಟ್ಟು ಬಳಿಕ ಮಾಲೀಕನಿಂದ ವಸೂಲಿ ಮಾಡಿಕೊಳ್ಳುವಂತೆ ನ್ಯಾಯಮಂಡಳಿ ಆದೇಶಿಸಬಹುದು. 2004ರ ಸ್ವರಣ್ ಸಿಂಗ್ ತೀರ್ಪಿನಿಂದ ಈ ದಾರಿ ತೆರೆದಿದೆ.

ಆ ರಾಜಿಗೆ ಕಾನೂನಿನಲ್ಲಿ ಇರುವ ಬೆಲೆಯಾದರೂ ಎಷ್ಟು? ನಿರ್ಲಕ್ಷ್ಯದಿಂದ ಸಾವು ತಂದ ಅಪರಾಧ, ಹಿಂದೆ ದಂಡ ಸಂಹಿತೆಯ 304ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106(1). ಇದು ಖಾಸಗಿಯಾಗಿ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇಲ್ಲ. ಪರಿಹಾರದ ಹಕ್ಕಿನಲ್ಲಿ ಮಕ್ಕಳ ಪಾಲು ಮಕ್ಕಳದೇ. ಅದನ್ನು ಬಿಟ್ಟುಕೊಡಲು ಚಿಕ್ಕಪ್ಪನು ಯಾರು? ನಮ್ಮ ದೇಶದ ನ್ಯಾಯಾಲಯಗಳು ಅನುಸರಿಸುವ ಮುಸ್ಲಿಂ ಕಾನೂನಿನಲ್ಲಿ ಅಪ್ರಾಪ್ತರ ಆಸ್ತಿಗೆ ಚಿಕ್ಕಪ್ಪನು ಸಹಜ ಪಾಲಕನಲ್ಲ. ಪಾಲಕನಲ್ಲದವನು ಮಗುವಿನ ಸ್ವತ್ತನ್ನು ಪರಭಾರೆ ಮಾಡಲಾಗದು ಎಂದು 1918ರಷ್ಟು ಹಿಂದೆಯೇ ಇಮಾಂಬಂದಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿದೆ. ಆ ತೀರ್ಪಿನಲ್ಲಿ ಸ್ವಂತ ತಾಯಿಗೇ ಆ ಅಧಿಕಾರ ಸಿಗಲಿಲ್ಲ. ಅನಾಥರ ಸೊತ್ತನ್ನು ಅನ್ಯಾಯವಾಗಿ ಉಣ್ಣುವವರಿಗೆ ಸೂರಃ ಅನ್ನಿಸಾ ಏನು ಹೇಳಿದೆ ಎಂಬುದನ್ನು ಜಿಯಾರತಿನ ಚಾಪೆಯ ಮೇಲೆ ಕುಳಿತ ಹಿರಿಯರಿಗೆ ನಾನು ನೆನಪಿಸಬೇಕಾಗಿಲ್ಲ. ಅವರು ಅದನ್ನು ಆಗಷ್ಟೇ ಓದಿ ಮುಗಿಸಿರುತ್ತಾರೆ.

ಚಳ್ಳಕೆರೆಯನ್ನು ಎಣ್ಣೆಯ ಊರು ಎನ್ನುತ್ತಾರೆ. ಶೇಂಗಾ ಮತ್ತು ಎಣ್ಣೆ ಗಿರಣಿಗಳು ಈ ಊರನ್ನು ಬೆಳೆಸಿದವು. ಆ ಶೇಂಗಾ, ಈರುಳ್ಳಿ, ಹಿಂಡಿ, ಎಲ್ಲವೂ ಲಾರಿಯ ಮೇಲೆಯೇ ಓಡಾಡುತ್ತವೆ. ಹಿರಿಯೂರಿನಿಂದ ಚಳ್ಳಕೆರೆಗೆ ಬಂದು, ಮೊಳಕಾಲ್ಮೂರು ತಾಲ್ಲೂಕಿನ ರಾಂಪುರವನ್ನು ದಾಟಿ ಬಳ್ಳಾರಿಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಅದಿರು, ಕಬ್ಬಿಣ, ಸಿಮೆಂಟು, ಆಂಧ್ರದ ಸರಕು ಹೊತ್ತ ಲಾರಿಗಳು ಹಗಲಿರುಳೂ ಸಾಲುಗಟ್ಟುತ್ತವೆ. ನಮ್ಮವರು ಈ ರಸ್ತೆಯ ಎರಡೂ ಕಡೆ ಇದ್ದಾರೆ. ಲಾರಿಯ ಒಳಗೆ ಚಾಲಕರಾಗಿ, ಕ್ಲೀನರ್‌ಗಳಾಗಿ, ಹಮಾಲರಾಗಿ. ಲಾರಿಯ ಎದುರಿಗೆ ಮೊಪೆಡ್‌ನ, ತಳ್ಳುಗಾಡಿಯ, ಆಟೋದ ಬಡವರಾಗಿ. ಆದ್ದರಿಂದ ಈ ಕಾನೂನು ವಕೀಲರಿಗೆ ಮಾತ್ರ ಸಂಬಂಧಿಸಿದ್ದು ಎಂದು ಪುಟ ತಿರುವಬೇಡಿ.

ಆ ಹೆಣ್ಣುಮಗಳ ಪ್ರಶ್ನೆಗೆ ಬರುತ್ತೇನೆ. ಆಕೆ ಏಕೆ ತಡಮಾಡಿದಳು? ಇದ್ದತ್ತಿನಲ್ಲಿ ಕುಳಿತಿದ್ದಳು. ನಾಲ್ಕು ತಿಂಗಳು ಹತ್ತು ದಿನ. ಆಮೇಲೆ ತವರಿಗೆ ಹೋದಳು, ಮಗುವಿಗೆ ಜ್ವರ ಬಂತು, ಮೈದುನ 'ಎಲ್ಲ ಮುಗಿದಿದೆ' ಎಂದ. ಪರಿಚಯದವರೊಬ್ಬರು 'ಅವಸರವಿಲ್ಲ, ಆಕ್ಸಿಡೆಂಟ್ ಕೇಸನ್ನು ಯಾವಾಗ ಬೇಕಾದರೂ ಹಾಕಬಹುದು' ಎಂದರು. ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಹಳೆಯದು ಗೊತ್ತಿತ್ತು. 1988ರ ಕಾಯ್ದೆಯಲ್ಲಿ ಆರು ತಿಂಗಳ ಗಡುವು ಇತ್ತು. ಬಡವರಿಗೆ ಅನ್ಯಾಯವಾಗುತ್ತದೆಂದು ಅದನ್ನು 1994ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಯಿತು. ಮುಂದಿನ ಇಪ್ಪತ್ತೇಳು ವರ್ಷ ಗಡುವೇ ಇರಲಿಲ್ಲ. 2019ರಲ್ಲಿ ಸಂಸತ್ತು ಅದೇ ಆರು ತಿಂಗಳನ್ನು 166(3)ನೆಯ ಕಲಮಾಗಿ ಮರಳಿ ತಂದಿತು. 2022ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಮುಂಚೆ ಇದ್ದಂತೆ ವಿಳಂಬವನ್ನು ಮನ್ನಿಸುವ ಅವಕಾಶವನ್ನೂ ಈ ಬಾರಿ ಕೊಡಲಿಲ್ಲ.

2019ರ ಆ ತಿದ್ದುಪಡಿ ಬಂದಾಗ ನಾವೆಲ್ಲ ಏನು ಚರ್ಚಿಸಿದೆವು? ಹೆಲ್ಮೆಟ್ ದಂಡ ಎಷ್ಟಾಯಿತು, ಕುಡಿದು ಓಡಿಸಿದರೆ ಎಷ್ಟು ಎಂಬುದನ್ನು. ಪತ್ರಿಕೆಗಳು ದಂಡದ ಪಟ್ಟಿಯನ್ನು ಅಚ್ಚು ಹಾಕಿದವು, ವಾಟ್ಸಾಪಿನಲ್ಲಿ ನಗೆಹನಿಗಳು ಹರಿದಾಡಿದವು. ವಿಧವೆಯ ಕೈಯಿಂದ ಕಾಲವನ್ನು ಕಿತ್ತುಕೊಂಡ ಒಂದು ವಾಕ್ಯ ಯಾರ ಕಣ್ಣಿಗೂ ಬೀಳಲಿಲ್ಲ. ಇದೇ ಮಸೂದೆಯ 2016ರ ರೂಪದಲ್ಲಿ ವಿಮಾ ಕಂಪನಿಯ ಹೊಣೆಯನ್ನು ಸಾವಿಗೆ 10 ಲಕ್ಷ, ತೀವ್ರ ಗಾಯಕ್ಕೆ 5 ಲಕ್ಷ ಎಂದು ಮಿತಿಗೊಳಿಸುವ ಪ್ರಸ್ತಾಪವೂ ಇತ್ತು. ವಿರೋಧ ಬಂದು ಅದು ಬಿದ್ದುಹೋಯಿತು. ಗಡುವು ಮಾತ್ರ ಉಳಿದುಕೊಂಡಿತು. ಅಪಘಾತದ ಮನೆಯಲ್ಲಿ ಆರು ತಿಂಗಳು ಹೇಗೆ ಕಳೆಯುತ್ತವೆಂಬುದನ್ನು ಬಲ್ಲವರು ಯಾರೂ ಆ ವಾಕ್ಯವನ್ನು ಬರೆದಿರಲಾರರು.

ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋದವು. 2025ರ ನವೆಂಬರ್‌ನಲ್ಲಿ ಕೋರ್ಟು, ಕಾಲ ಮೀರಿದೆ ಎಂಬ ಕಾರಣಕ್ಕೆ ನ್ಯಾಯಮಂಡಳಿಗಳಾಗಲಿ ಹೈಕೋರ್ಟುಗಳಾಗಲಿ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ ನೀಡಿತು. ಅದನ್ನು ಕೇಳಿ 'ಹಾಗಾದರೆ ನಿಧಾನವಾಗಿ ನೋಡೋಣ' ಎನ್ನುವವರಿಗೆ ಒಂದೇ ಮಾತು: ಮಧ್ಯಂತರ ಆದೇಶ ಎಂದರೆ ಅಂತಿಮ ತೀರ್ಪಲ್ಲ. ಗಡುವು ಮೀರಿದವರಿಗೆ ಅದು ಬಾಗಿಲು. ಗಡುವಿನೊಳಗೆ ಇರುವವರು ಅದನ್ನು ನೆಚ್ಚಿ ಕೂರುವುದು ಮೂರ್ಖತನ.

ಇದ್ದತ್ತಿನ ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ನಾನು ಮದ್ರಸಾದಲ್ಲಿ ಓದಿದವನು. ಇದನ್ನು ಹೊರಗಿನವನಾಗಿ ಹೇಳುತ್ತಿಲ್ಲ. ಆರು ತಿಂಗಳಲ್ಲಿ ನಾಲ್ಕು ತಿಂಗಳು ಹತ್ತು ದಿನವನ್ನು ನಾವು ಆಕೆಯನ್ನು ಕತ್ತಲಕೋಣೆಯಲ್ಲಿ ಕೂರಿಸಿ ಕಳೆದರೆ ಉಳಿಯುವುದು ಐವತ್ತು ದಿನ. ಇದು ಶರೀಅತ್ತಿನ ಆಜ್ಞೆಯೇ? ನಮ್ಮ ಮದ್ರಸಾಗಳಲ್ಲಿ ಪಾಠವಾಗುವ ಹನಫೀ ಗ್ರಂಥ ಹಿದಾಯಾವನ್ನು ತೆರೆದು ನೋಡಿ. ಗಂಡ ಸತ್ತ ಹೆಣ್ಣು ಹಗಲಿನಲ್ಲಿ ಹೊರಗೆ ಹೋಗಬಹುದು ಎಂದೇ ಅಲ್ಲಿದೆ. ಕಾರಣವನ್ನೂ ಕೊಡಲಾಗಿದೆ: ಆಕೆಗೆ ಜೀವನಾಂಶ ಕೊಡುವವರಿಲ್ಲ, ಆಕೆಯೇ ತನ್ನ ಅನ್ನವನ್ನು ಹುಡುಕಿಕೊಳ್ಳಬೇಕಾಗುತ್ತದೆ. ಅನ್ನ ಹುಡುಕಲು ಹೊರಡಬಹುದಾದವಳು ಅನ್ನದ ಹಕ್ಕನ್ನು ಕೇಳಲು ವಕೀಲರ ಕಚೇರಿಗೆ ಹೋಗಬಾರದೇ? ಇನ್ನು ಕಾನೂನಂತೂ ಆಕೆ ಖುದ್ದಾಗಿ ಬರಲೇಬೇಕೆಂದು ಹೇಳುವುದಿಲ್ಲ. ವಕಾಲತ್ತಿಗೆ ಮನೆಯಲ್ಲಿಯೇ ಸಹಿ ಹಾಕಬಹುದು. ವಾರಸುದಾರರು ಅಧಿಕಾರ ಕೊಟ್ಟ ಪ್ರತಿನಿಧಿಯೂ ಅರ್ಜಿ ಸಲ್ಲಿಸಬಹುದೆಂದು 166ನೆಯ ಕಲಮೇ ಹೇಳುತ್ತದೆ. ಎಂದರೆ ಇದ್ದತ್ತು ಅಡ್ಡಿಯಲ್ಲ. ಇದ್ದತ್ತಿನ ಹೆಸರು ಹೇಳಿ ಆಕೆಯನ್ನು ಸುಮ್ಮನಿರಿಸುವವರು ಅಡ್ಡಿ.

ಇನ್ನೊಂದು ಆಕ್ಷೇಪವನ್ನು ಮಸೀದಿಯ ಮೆಟ್ಟಿಲಲ್ಲಿ ಕೇಳಿದ್ದೇನೆ: ವಿಮೆಯ ಹಣ ಹಲಾಲೇ? ವಿಮಾ ವ್ಯವಹಾರದ ಬಗ್ಗೆ ಉಲೆಮಾಗಳಲ್ಲಿ ಇರುವ ಭಿನ್ನಾಭಿಪ್ರಾಯ ನನಗೆ ಗೊತ್ತಿದೆ. ಆದರೆ ಇಲ್ಲಿ ಮೃತನು ಯಾವ ಪಾಲಿಸಿಯನ್ನೂ ಕೊಂಡಿಲ್ಲ. ಅವನ ಜೀವ ಕಳೆದವನ ಮೇಲೆ ಬಿದ್ದ ಹೊಣೆ ಅದು. ಆ ಹೊಣೆಯನ್ನು ಯಾರು ಸಂದಾಯ ಮಾಡುತ್ತಾರೆಂಬುದು ಎರಡನೆಯ ಮಾತು. ತಪ್ಪಿ ಆದ ಹತ್ಯೆಗೆ ಮೃತನ ಮನೆಯವರಿಗೆ ದಿಯತ್ ತಲುಪಿಸಬೇಕೆಂದು ಸೂರಃ ಅನ್ನಿಸಾದ 92ನೆಯ ಸೂಕ್ತ ವಿಧಿಸುತ್ತದೆ. ಬಿಟ್ಟುಕೊಡುವ ಅಧಿಕಾರ ಮನೆಯವರದು, ನೆರೆಯ ಹಿರಿಯರದಲ್ಲ. ಫಿಕ್‌ಹ್ ಗ್ರಂಥಗಳಲ್ಲಿ ಈ ದಿಯತ್ ತಪ್ಪು ಮಾಡಿದವನೊಬ್ಬನ ತಲೆಯ ಮೇಲೆಯೇ ಬೀಳುವುದಿಲ್ಲ. ಅವನ 'ಆಕಿಲಾ', ಅಂದರೆ ಅವನ ಹೊಣೆಯನ್ನು ಹಂಚಿಕೊಳ್ಳುವ ಗುಂಪು, ಮೂರು ವರ್ಷಗಳಲ್ಲಿ ಅದನ್ನು ತೀರಿಸಬೇಕು. ಹನಫೀ ಪಂಡಿತರು ರಕ್ತಸಂಬಂಧಿಗಳನ್ನಷ್ಟೇ ಅಲ್ಲದೆ ಒಂದೇ ದಫ್ತರಿನಲ್ಲಿ ಹೆಸರಿರುವವರನ್ನೂ ಆಕಿಲಾ ಎಂದು ಪರಿಗಣಿಸಿದರು. ಲಾರಿ ಮಾಲೀಕರೆಲ್ಲರಿಂದ ಕಂತು ಪಡೆದು ಒಬ್ಬನ ತಪ್ಪಿಗೆ ಎಲ್ಲರ ಹಣದಿಂದ ಪರಿಹಾರ ಕೊಡಿಸುವ ಇಂದಿನ ಕಡ್ಡಾಯ ವಿಮೆ ಇದಕ್ಕಿಂತ ಎಷ್ಟು ದೂರ? ನಾನು ಫತ್ವಾ ಕೊಡುತ್ತಿಲ್ಲ. ಆದರೆ ದಿಯತ್ತಿನ ಪಾಠ ಹೇಳಿಸಿಕೊಂಡವರು ಪರಿಹಾರವನ್ನು ಭಿಕ್ಷೆ ಎಂದು ಕರೆಯುವುದನ್ನು ಕೇಳಿ ನನಗೆ ನಾಚಿಕೆಯಾಗುತ್ತದೆ.

ನಮ್ಮ ಹಕ್ಕನ್ನು ನಾವೇ ಕೊಲ್ಲುವ ಬಗೆಗಳು ಇನ್ನೂ ಇವೆ. ಅವುಗಳಲ್ಲಿ ಮೊದಲನೆಯದು ಆಸ್ಪತ್ರೆಯ ಬಾಗಿಲಲ್ಲಿಯೇ ನಡೆಯುತ್ತದೆ. ಪೊಲೀಸರ ಗೊಡವೆ ಬೇಡವೆಂದು, 'ಹೇಗಾಯಿತು?' ಎಂದು ವೈದ್ಯರು ಕೇಳಿದಾಗ 'ಬೈಕಿನಿಂದ ಬಿದ್ದ' ಎನ್ನುತ್ತಾರೆ. ಆ ಎರಡು ಪದದ ಬರಹ ಆಸ್ಪತ್ರೆಯ ದಾಖಲೆಯಲ್ಲಿ ಉಳಿಯುತ್ತದೆ. ಮೂರು ವರ್ಷಗಳ ಬಳಿಕ ವಿಮಾ ಕಂಪನಿಯ ವಕೀಲರು ಅದನ್ನೇ ಎತ್ತಿ ಹಿಡಿದು, ಲಾರಿ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಎರಡನೆಯದು ಮರಣೋತ್ತರ ಪರೀಕ್ಷೆಯ ಭಯ. 'ಮಯ್ಯತ್ತನ್ನು ಕೊಯ್ಯಿಸಬೇಡಿ' ಎಂಬ ಒತ್ತಾಯಕ್ಕೆ ಮಣಿದು, ವಿಶೇಷವಾಗಿ ಗಾಯಾಳು ಕೆಲವು ವಾರ ನರಳಿ ಮನೆಯಲ್ಲಿ ತೀರಿಕೊಂಡಾಗ, ಪೊಲೀಸರಿಗೂ ತಿಳಿಸದೆ ದಫನ ಮಾಡಿಬಿಡುತ್ತಾರೆ. ಆಗ ಅಪಘಾತಕ್ಕೂ ಸಾವಿಗೂ ಇರುವ ಕೊಂಡಿಯೇ ಕಳಚುತ್ತದೆ. ಹೃದಯಾಘಾತದಿಂದ ಸತ್ತ ಎಂದು ಕಂಪನಿ ವಾದಿಸಿದರೆ ಉತ್ತರಿಸಲು ಕಾಗದವೇ ಇರುವುದಿಲ್ಲ. ಮಯ್ಯತ್ತಿನ ಗೌರವ ನಮಗೆಲ್ಲರಿಗೂ ಬೇಕು. ಅವನ ಮಕ್ಕಳ ಅನ್ನಕ್ಕೂ ಒಂದು ಗೌರವವಿದೆ.

ಪೊಲೀಸರ ಕರ್ತವ್ಯವನ್ನೂ ಜನ ತಿಳಿದಿರಬೇಕು. 2022ರ ಕೇಂದ್ರ ನಿಯಮಗಳ ಪ್ರಕಾರ ತನಿಖಾಧಿಕಾರಿಯು 48 ಗಂಟೆಗಳಲ್ಲಿ ಮೊದಲ ಅಪಘಾತ ವರದಿಯನ್ನು, 90 ದಿನಗಳಲ್ಲಿ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಲು 166(4)ನೆಯ ಕಲಮು ಹೇಳುತ್ತದೆ. 2022ರ ಡಿಸೆಂಬರ್‌ನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಕಟ್ಟುನಿಟ್ಟಾಗಿ ಪಾಲಿಸಲು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಠಾಣೆಗೆ ಹೋಗಿ ವರದಿ ಕಳುಹಿಸಿದಿರಾ ಎಂದು ವಿನಯದಿಂದ, ಆದರೆ ಲಿಖಿತವಾಗಿ ಕೇಳುವ ಹಕ್ಕು ನಮಗಿದೆ. ಕೇಳುವವರು ಎಷ್ಟು ಮಂದಿ?

ತಪ್ಪು ನಮ್ಮವನದೇ ಇರಬಹುದಲ್ಲ ಎಂಬ ಅಳುಕು ಹಲವರಿಗಿದೆ. ಕ್ರಿಮಿನಲ್ ಮೊಕದ್ದಮೆಯಂತೆ ಇಲ್ಲಿ ಸಂಶಯಾತೀತ ಪುರಾವೆ ಬೇಕಿಲ್ಲ. ಹೆಚ್ಚು ಸಂಭವನೀಯ ಯಾವುದು ಎಂಬುದನ್ನಷ್ಟೇ ನ್ಯಾಯಮಂಡಳಿ ನೋಡುತ್ತದೆ. ಬೈಕಿನಲ್ಲಿ ಮೂವರು ಕುಳಿತಿದ್ದರೆ ಅಷ್ಟರಿಂದಲೇ ಅವರ ತಪ್ಪೆಂದು ಹಣ ಕಡಿತ ಮಾಡುವಂತಿಲ್ಲ, ಆ ಮೂರನೆಯವನಿಂದಲೇ ಅಪಘಾತವಾಯಿತೆಂದು ತೋರಿಸಬೇಕು ಎಂದು 2020ರ ಮೊಹಮ್ಮದ್ ಸಿದ್ದೀಕ್ ಪ್ರಕರಣದಲ್ಲಿ ತೀರ್ಪಾಗಿದೆ. ರಾತ್ರಿ ದೀಪವಿಲ್ಲದೆ ಹೆದ್ದಾರಿಯಲ್ಲಿ ನಿಲ್ಲಿಸಿದ ಲಾರಿಗೆ ಹಿಂದಿನಿಂದ ಗುದ್ದಿದರೆ ಗುದ್ದಿದವನದೇ ತಪ್ಪು ಎಂಬ ನಂಬಿಕೆ ನಮ್ಮಲ್ಲಿದೆ. ಕರ್ನಾಟಕದಿಂದಲೇ ಹೋದ ಅಂಥ ಒಂದು ಪ್ರಕರಣದಲ್ಲಿ, ಎಚ್ಚರಿಕೆಯ ದೀಪವಿಲ್ಲದೆ ಲಾರಿಯನ್ನು ರಸ್ತೆಯಲ್ಲಿ ಬಿಟ್ಟವನದೇ ಹೊಣೆ ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿ, ಕೆಳಗೆ ಆಗಿದ್ದ ಅರ್ಧದಷ್ಟು ಕಡಿತವನ್ನು ರದ್ದುಮಾಡಿತು. ಎರಡು ವಾಹನಗಳ ನಡುವೆ ಸಿಕ್ಕ ಪ್ರಯಾಣಿಕನಂತೂ ಯಾರ ತಪ್ಪು ಎಷ್ಟು ಎಂದು ಅಳೆಯುತ್ತ ಕೂರಬೇಕಿಲ್ಲ. ಇಬ್ಬರಲ್ಲಿ ಯಾರ ಮೇಲೆ ಬೇಕಾದರೂ ಪೂರ್ಣ ಮೊತ್ತಕ್ಕೆ ಹೋಗಬಹುದು. 2015ರಿಂದ ಇದು ಸುಪ್ರೀಂ ಕೋರ್ಟಿನ ಸ್ಪಷ್ಟ ನಿಲುವು.

ತಪ್ಪನ್ನೇ ಸಾಬೀತು ಮಾಡದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಪಡೆಯುವ ದಾರಿಯೂ 164ನೆಯ ಕಲಮಿನಲ್ಲಿದೆ. ನಿಜವಾಗಿ ಪುರಾವೆ ಇಲ್ಲದವರಿಗೆ ಅದು ಆಸರೆ. ಆದರೆ ಇಲ್ಲಿಯೂ ಒಂದು ಬಲೆ ಇದೆ: ಕಂಪನಿಯ ಮೂಲಕ ಆ ಹಣವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ಮುಂದಿನ ದೊಡ್ಡ ಅರ್ಜಿ ಅಲ್ಲಿಗೆ ಬಿದ್ದುಹೋಗುತ್ತದೆ. ಐದು ಲಕ್ಷ ಕಂಡ ಕೂಡಲೇ ಕೈಚಾಚುವ ಮೊದಲು ಮೇಲಿನ ಮೂವತ್ತೆರಡು ಲಕ್ಷದ ಲೆಕ್ಕವನ್ನು ನೆನಪಿಸಿಕೊಳ್ಳಿ. ಗುದ್ದಿ ಓಡಿಹೋದ ಲಾರಿ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಅದಕ್ಕೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಮಟ್ಟದ ವಿಚಾರಣಾಧಿಕಾರಿಗೆ ಅರ್ಜಿ. 2022ರವರೆಗೆ ಇದು 25,000 ಮತ್ತು 12,500 ಇತ್ತು. ಬಹಳ ಜನ ಇನ್ನೂ ಅದೇ ಅಂಕಿಯನ್ನು ಹೇಳುತ್ತಾರೆ.

ಸರಕು ಗಾಡಿಯಲ್ಲಿ ಜನ ಕೂರುವ ವಿಷಯ ಇದೆಲ್ಲಕ್ಕಿಂತ ಕಠಿಣ. 2025ರ ಜನವರಿ 22ರಂದು ಬೆಳಗಿನ ಜಾವ ಸವಣೂರಿನಿಂದ ಕುಮಟಾದ ಸಂತೆಗೆ ಹೊರಟಿದ್ದ ಹಣ್ಣು ತರಕಾರಿಯ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ ಹತ್ತು ಮಂದಿ ತೀರಿಕೊಂಡರು. ಸತ್ತವರು ಸವಣೂರಿನ ನಮ್ಮ ಬಡ ವ್ಯಾಪಾರಿಗಳು, ಸರಕಿನ ಜೊತೆಯಲ್ಲಿಯೇ ಕುಳಿತಿದ್ದವರು. ಪ್ರಧಾನಿ 2 ಲಕ್ಷ, ಮುಖ್ಯಮಂತ್ರಿ 3 ಲಕ್ಷ ಘೋಷಿಸಿದರು. ಅದು ಸರ್ಕಾರದ ಅನುಕಂಪ. ಕಾನೂನಿನ ಪರಿಹಾರ ಅದರಿಂದ ಬೇರೆ ಎಂಬುದನ್ನು ಆ ಹೊತ್ತಿನಲ್ಲಿ ಗಟ್ಟಿಯಾಗಿ ಹೇಳಿದವರು ಕಡಿಮೆ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಕೊಂಡ ಪ್ರಯಾಣಿಕನಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು 2002ರ ಆಶಾ ರಾಣಿ ತೀರ್ಪು ಹೇಳುತ್ತದೆ. ಆದರೆ 1994ರ ತಿದ್ದುಪಡಿಯಿಂದ ಸರಕಿನ ಮಾಲೀಕನಿಗೂ ಅವನ ಪ್ರತಿನಿಧಿಗೂ 147ನೆಯ ಕಲಮಿನ ರಕ್ಷಣೆ ಇದೆ. ಕ್ಯಾಬಿನ್ನಿನಲ್ಲಿ ಕೂರದೆ ಮೂಟೆಗಳ ಮೇಲೆ ಕುಳಿತಿದ್ದರು ಎಂದು ಕಂಪನಿಗಳು ವಾದಿಸುತ್ತವೆ, ಅದಕ್ಕೆ ಪೂರಕವಾದ ತೀರ್ಪುಗಳೂ ಇವೆ. ಅಂಥಲ್ಲಿಯೂ ಕಂಪನಿ ಮೊದಲು ಕೊಟ್ಟು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂಬ ಆದೇಶಗಳು ಆಗಿವೆ.

ಚಳ್ಳಕೆರೆಯ ಮಾರುಕಟ್ಟೆಯಿಂದ ಈರುಳ್ಳಿಯೊಡನೆ ಟೆಂಪೋ ಹತ್ತುವವರು, ಮೊಳಕಾಲ್ಮೂರಿನ ಹಳ್ಳಿಗಳಿಂದ ಶೇಂಗಾ ಕೀಳಲು ಟ್ರಾಕ್ಟರ್ ಟ್ರೇಲರಿನಲ್ಲಿ ಹೋಗುವ ಹೆಂಗಸರು, ಎಲ್ಲರೂ ಈ ಕಾನೂನಿನ ಅಂಚಿನಲ್ಲಿ ಪ್ರಯಾಣಿಸುತ್ತಿದ್ದಾರೆ. ಬಸ್ಸು ಬರದ ಹೊತ್ತಿನಲ್ಲಿ ಸಂತೆ ನಡೆಯುವ ಊರುಗಳಲ್ಲಿ 'ಸರಕು ಗಾಡಿ ಹತ್ತಬೇಡಿ' ಎಂಬ ಉಪದೇಶ ಸುಲಭ. ದಲ್ಲಾಳಿ ಅಂಗಡಿಯ ಚೀಟಿಯನ್ನು ಎಸೆಯಬೇಡಿ, ಅದು ಮಾಲು ನಿಮ್ಮದೆಂಬುದಕ್ಕೆ ಸಾಕ್ಷಿ ಎಂದಷ್ಟೇ ನಾನು ಹೇಳಬಲ್ಲೆ. ಲಾರಿಯ ಚಾಲಕ, ಕ್ಲೀನರ್, ಹಮಾಲರಿಗೆ ಇನ್ನೊಂದು ದಾರಿ ಇದೆ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದ, ಈಗ ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿದ ಆ ದಾರಿಯಲ್ಲಿ ಯಾರ ತಪ್ಪು ಎಂಬ ಪ್ರಶ್ನೆ ಏಳುವುದಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ಬದುಕುಳಿದವರ ಕತೆ ಇನ್ನೂ ಕಡೆಗಣಿತವಾದದ್ದು. ಮೊಳಕಾಲ್ಮೂರಿನ ರೇಷ್ಮೆ ಸೀರೆ ದೇಶಕ್ಕೆಲ್ಲ ಗೊತ್ತು. ಅದನ್ನು ನೇಯುವವನ ಕೈ ಎಷ್ಟು ಮುಖ್ಯವೋ ಮಗ್ಗದ ಗುಂಡಿಯೊಳಗೆ ಇಳಿಬಿಟ್ಟ ಕಾಲೂ ಅಷ್ಟೇ ಮುಖ್ಯ. ತುಳಿಯುವ ಕಾಲು ಲಾರಿಗೆ ಸಿಕ್ಕಿ ಮಡಚದಂತಾದರೆ ವೈದ್ಯರು 'ಶೇಕಡಾ 30 ಅಂಗವೈಕಲ್ಯ' ಎಂದು ಬರೆಯಬಹುದು. ಕುಳಿತು ಲೆಕ್ಕ ಬರೆಯುವವನಿಗೆ ಅದು ಮೂವತ್ತಕ್ಕಿಂತಲೂ ಕಡಿಮೆ, ನೇಕಾರನಿಗೆ ನೂರಕ್ಕೆ ಹತ್ತಿರ. ಅಂಗದ ಶೇಕಡಾವಾರನ್ನಲ್ಲ, ದುಡಿಮೆಯ ನಷ್ಟವನ್ನು ನೋಡಬೇಕು ಎಂದು 2010ರ ರಾಜ್ ಕುಮಾರ್ ತೀರ್ಪು ಹೇಳಿದ್ದು ಇದನ್ನೇ. ಆದ್ದರಿಂದ ಸಾಕ್ಷಿ ಹೇಳುವಾಗ 'ನೇಯ್ಗೆ ಕೆಲಸ' ಎಂದಷ್ಟೇ ಹೇಳಿ ಸುಮ್ಮನಾಗಬಾರದು. ಆ ಕೆಲಸದಲ್ಲಿ ಕಾಲು ಏನು ಮಾಡುತ್ತದೆಂದು ನ್ಯಾಯಾಧೀಶರಿಗೆ ಬಿಡಿಸಿ ಹೇಳಬೇಕು. ಹರಿಯಾಣದಲ್ಲಿ ತಂದೆತಾಯಿಯೊಂದಿಗೆ ಟ್ರಾಕ್ಟರಿನಲ್ಲಿ ಹೋಗುತ್ತಿದ್ದಾಗ ಲಾರಿ ಹೊಡೆದು ಪೂರ್ಣ ಅಶಕ್ತಳಾದ ಹನ್ನೆರಡರ ಬಾಲಕಿಗೆ ಹೈಕೋರ್ಟು ಸುಮಾರು 26 ಲಕ್ಷ ಕೊಟ್ಟಿತ್ತು. ಜೀವನವಿಡೀ ನೋಡಿಕೊಳ್ಳುವವರ ಸಂಬಳವನ್ನೂ ಲೆಕ್ಕಕ್ಕೆ ತೆಗೆದುಕೊಂಡು 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು 62 ಲಕ್ಷ ದಾಟಿಸಿತು. ಮನೆಗೆಲಸದ ಹೆಂಗಸಿನ ದುಡಿಮೆಗೆ ಬೆಲೆಯಿಲ್ಲ ಎಂಬ ವಾದವನ್ನೂ ಅದೇ ಕೋರ್ಟು 2001ರಿಂದ 2021ರವರೆಗೆ ಮತ್ತೆ ಮತ್ತೆ ತಳ್ಳಿಹಾಕಿದೆ. ನಮ್ಮಲ್ಲಿ ಮಾತ್ರ ತಾಯಿ ಸತ್ತ ಮನೆಯವರು 'ಆಕೆ ಸಂಪಾದಿಸುತ್ತಿರಲಿಲ್ಲವಲ್ಲ' ಎಂದು ಅರ್ಜಿಯನ್ನೇ ಹಾಕುವುದಿಲ್ಲ.

ಎರಡು ಮಾತು ನಮ್ಮವರ ವಿರುದ್ಧವೂ ಹೇಳಬೇಕು. ವಿಮೆಯಿಲ್ಲದ ಬೈಕಿನ ಬದಲು ವಿಮೆಯಿರುವ ಯಾವುದೋ ಲಾರಿಯನ್ನು ತೋರಿಸಿ ಕೇಸು ಕಟ್ಟುವ ದಂಧೆ ಇದೆ. ಅದು ಕಳ್ಳತನ, ಒಬ್ಬರ ಸುಳ್ಳಿನಿಂದ ಹತ್ತು ನಿಜವಾದ ಅರ್ಜಿಗಳನ್ನು ಸಂಶಯದಿಂದ ನೋಡುವಂತಾಗುತ್ತದೆ. ಹಾಗೆಯೇ ಆಸ್ಪತ್ರೆಯ ಆವರಣದಲ್ಲಿ ಸುಳಿದಾಡಿ, ಬಂದ ಹಣದಲ್ಲಿ ಇಷ್ಟು ಪಾಲು ಎಂದು ಮಾತನಾಡಿಕೊಳ್ಳುವವರ ಕೈಗೆ ಕಾಗದ ಕೊಡಬೇಡಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ಹಣವಿಲ್ಲದವರಿಗೆ ನ್ಯಾಯಾಲಯದ ಆವರಣದಲ್ಲಿಯೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಣ್ಣು ಎಂಬ ಕಾರಣಕ್ಕೇ, ಆದಾಯ ಎಷ್ಟಿದ್ದರೂ, ವಿಧವೆಗೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿದರೂ ಸಾಕು. ಅಪಘಾತ ಬೇರೆ ಜಿಲ್ಲೆಯಲ್ಲಿ ಆಗಿದ್ದರೂ ತಾವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಸಲ್ಲಿಸಬಹುದು.

ಚಳ್ಳಕೆರೆ, ಮೊಳಕಾಲ್ಮೂರುಗಳ ಜಮಾಅತ್ ಕಮಿಟಿಗಳಿಗೆ ನನ್ನದೊಂದು ಪ್ರಶ್ನೆ. ಕಫನ್, ಕಬರ್, ಜನಾಝಾದ ವಾಹನ ಎಲ್ಲಕ್ಕೂ ನಿಮ್ಮಲ್ಲಿ ವ್ಯವಸ್ಥೆ ಇದೆ, ಅದು ಶ್ಲಾಘನೀಯ. ಅಪಘಾತದ ಮಯ್ಯತ್ತಾದರೆ ಎಫ್‌ಐಆರ್ ಪ್ರತಿ, ಮರಣೋತ್ತರ ವರದಿ, ಲಾರಿಯ ಸಂಖ್ಯೆ ಮತ್ತು ವಿಮಾ ಪತ್ರದ ವಿವರ ತಂದು ಮನೆಯವರ ಕೈಗೆ ಕೊಡುವ ಒಬ್ಬ ಓದಿದ ಯುವಕನನ್ನು ಏಕೆ ನೇಮಿಸಬಾರದು? ಯಾವ ತಾರೀಖಿಗೆ ಆರು ತಿಂಗಳು ತುಂಬುತ್ತದೆಂದು ಬರೆದಿಡುವುದಕ್ಕೆ ಎಷ್ಟು ಖರ್ಚು? ಜಿಯಾರತಿನ ಚಾಪೆಯ ಮೇಲೆ ಯಾರಾದರೂ ಛಾಪಾ ಕಾಗದ ತೆಗೆದರೆ, 'ಸಹಿ ಮಾಡುವ ಮೊದಲು ವಕೀಲರಿಗೆ ತೋರಿಸೋಣ' ಎನ್ನುವ ಒಂದು ಧ್ವನಿ ಅಲ್ಲಿ ಇರಬಾರದೇ? ಹಿಂದೆ ಸಹಿ ಹಾಕಿಸಿದ ಹಿರಿಯರೇ ಇನ್ನು ಮುಂದೆ ಆ ಧ್ವನಿಯಾದರೆ ಅವರ ಮಾತಿಗೆ ಬೇರೆಲ್ಲರಿಗಿಂತ ತೂಕ ಹೆಚ್ಚು.

ಆ ಮನೆಯ ಅರ್ಜಿ ಈಗ ಸಲ್ಲಿಕೆಯಾಗಿದೆ. ಗಡುವು ಮೀರಿದ ಅರ್ಜಿ. ಮಧ್ಯಂತರ ಆದೇಶದ ಬಲದಿಂದ ನಿಂತಿದೆ. ಅರ್ಜಿದಾರರಲ್ಲಿ ಹೆಂಡತಿ, ತಾಯಿ, ಇಬ್ಬರು ಮಕ್ಕಳು ಇದ್ದಾರೆ, ಮೈದುನನ ಹೆಸರಿಲ್ಲ. ಲಾರಿ ಮಾಲೀಕನ ಕಡೆಯವರು ತಮ್ಮ ಆಕ್ಷೇಪಣೆಯೊಂದಿಗೆ ಆ ಛಾಪಾ ಕಾಗದವನ್ನು ಹಾಜರುಪಡಿಸಿದ್ದಾರೆ. ಸಾಕ್ಷಿಗಳೆಂದು ಅದರ ಕೆಳಗೆ ಇಬ್ಬರು ಹಿರಿಯರ ಸಹಿಗಳಿವೆ. ಮುಂದಿನ ವಿಚಾರಣೆಗೆ ಅವರನ್ನೂ ಕರೆಸಬೇಕೆಂದು ಆಕೆಯ ವಕೀಲರು ಕೇಳಿದ್ದಾರೆ.